ಆಕರ

ಸಿಗ್ನಲ್ಲು ಸಿಗುವುದು ಛಾವಣಿಯ ಮೇಲೆ ಮಾತ್ರ,
ಅದೂ ರಾತ್ರಿ ಹತ್ತು ಕಳೆದು,
ಪಕ್ಕದ ದೋಣಿಮನೆಯ ಹುಡುಗರು ಆಟ ಮುಗಿಸಿ ಮಲಗಿದ ಮೇಲೆ.
ತೊನ್ಲೆ ಸಾಪ್ ಸರೋವರದಲ್ಲಿ ತೇಲುವ ಆಸ್ಪತ್ರೆ ನಮ್ಮದು.
ಗಾಳಿ ಜೋರಾದರೆ ವಾರ್ಡು ಒಂದು ಮಾರು ಆಚೆ ಸರಿಯುತ್ತದೆ,
ಜ್ವರದ ಮಾತ್ರೆ, ಹೆರಿಗೆ ಮಂಚ, ನಾನು, ಎಲ್ಲರೂ ಜೊತೆಗೇ.
ಮನಶ್ಶಾಸ್ತ್ರ ಓದುತ್ತೇನೆಂದು ಹಟ ಹಿಡಿದ ನರ್ಸು,
ವಿಚ್ಛೆಕಾ.
ನಮ್ಮಲ್ಲಿ ಅದು ನವೆಂಬರ್ ತಿಂಗಳ ಹೆಸರು.

ಮೊದಮೊದಲು ಫೋನು ಧಾರಾಳಿ:
ಖುಷಿಯಾಗಿರಲು ಹನ್ನೊಂದು ದಾರಿ,
ಐದೇ ನಿಮಿಷದಲ್ಲಿ ನಿಮ್ಮ ಮನಸ್ಸು ಬಯಲು,
ಕೋಟು ತೊಟ್ಟವನೊಬ್ಬ ಪ್ರಮಾಣಪತ್ರ ಮಾರುತ್ತಿದ್ದ,
ಇವತ್ತೇ ಕೊಂಡರೆ ಅರ್ಧ ಬೆಲೆ.
ಎಳೆದಷ್ಟೂ ಬರೀ ಜೊಂಡು.
ಅಪ್ಪ ಹೇಳುತ್ತಿದ್ದ, ತಪ್ಪು ಬಲೆಯದಲ್ಲ, ಬಲೆಯ ಕಣ್ಣಿನದು;
ದೊಡ್ಡದಾದರೆ ಮೀನು ಜಾರುತ್ತೆ,
ಸಣ್ಣದಾದರೆ ಕೆರೆಯೇ ಬಂದು ಕೂರುತ್ತೆ.

ಬಟ್ಟಂಬಾಂಗಿನ ಗೆಳತಿ ಮೊರೊಕೊತ್ ಕಲಿಸಿದಳು:
ಕೊನೆಯ ಪುಟದಿಂದ ಓದು.
ಅವರು ಯಾರನ್ನು ನೆನೆದಿದ್ದಾರೋ ಅಲ್ಲಿಗೆ ಹೋಗು,
ಅಲ್ಲಿದ್ದವರು ಯಾರನ್ನು ನೆನೆದಿದ್ದಾರೋ ಅಲ್ಲಿಗೂ.
ಎಷ್ಟು ಜನರನ್ನು ಕೇಳಿದರು, ಯಾವ ಊರಲ್ಲಿ, ದುಡ್ಡು ಯಾರದು,
ನೋಡದೆ ನಂಬಬೇಡ.

ಹೋಗಿ ಹೋಗಿ ಒಂದು ಬೀಗಕ್ಕೆ ಹಣೆ ತಾಗಿತು.
ಹದಿನಾಲ್ಕು ಪುಟಕ್ಕೆ ಮೂವತ್ತೊಂಬತ್ತು ಡಾಲರು.
ಬರೆದವಳಿಗೇ ಬರೆದೆ, ಹರುಕುಮುರುಕು ಇಂಗ್ಲಿಷಿನಲ್ಲಿ,
ಮೂರು ಸಲ ಕ್ಷಮಿಸಿ ಅಂದು.
ನಾಲ್ಕನೇ ದಿನ ನಾರ್ವೆಯಿಂದ ಉತ್ತರ:
ತಗೊಳ್ಳಿ. ಹಳತಾಯಿತು ಇದು.
ಎಷ್ಟೋ ವರ್ಷದಿಂದ ಯಾರೂ ಕೇಳಿರಲಿಲ್ಲ.
ಇಳಿಸಿಕೊಳ್ಳಲು ಇಡೀ ರಾತ್ರಿ. ಫೋನನ್ನು ಬಿದಿರಿನ ಗಳುವಿಗೆ ಕಟ್ಟಿ
ಕೆಳಗೆ ಕೂತೆ, ಗಾಳ ಹಾಕಿದವಳ ಹಾಗೆ.

ಒಳಗಿದ್ದದ್ದು ಒಂಬತ್ತು ಪ್ರಶ್ನೆ.
ಮರುದಿನವೇ ಚಿಕ್ಕಮ್ಮನೊಬ್ಬಳ ಮುಂದೆ ಹಾಳೆ ಬಿಚ್ಚಿದೆ:
ಕಳೆದ ಎರಡು ವಾರದಲ್ಲಿ ಎಷ್ಟು ದಿನ
ಯಾವುದರಲ್ಲೂ ಆಸಕ್ತಿ ಇರಲಿಲ್ಲ?
ಒಣಮೀನು ತಿರುವಿಹಾಕುತ್ತ ಅವಳು
ಯಾವುದರಲ್ಲಿ ಇರಬೇಕಿತ್ತು? ಅಂದಳು.
ಕೊಂಕಲ್ಲ. ತಿಳಿಯಲೆಂದೇ ಕೇಳಿದ್ದು.
ಪೆನ್ನು ಸೊನ್ನೆಗೂ ಮೂರಕ್ಕೂ ನಡುವೆ ನಿಂತುಬಿಟ್ಟಿತು.
ಹೊರಟವಳ ಬೆನ್ನಿಗೆ ಹೇಳಿದಳು: ಥ್ಲೆಯಾಕ್ ತಿಕ್ ಚೆತ್.
ಎದೆಯ ನೀರು ಇಳಿದಿದೆ, ಮಗಳೇ.

ದಿನಾ ಕಿವಿಗೆ ಬೀಳುವ ಮಾತು.
ಅದನ್ನೂ ಹುಡುಕಬಹುದೆಂದು ನನಗೆ ಹೊಳೆದೇ ಇರಲಿಲ್ಲ.
ಆ ರಾತ್ರಿ ಅವಳ ಮಾತನ್ನು ನಮ್ಮದೇ ಅಕ್ಷರದಲ್ಲಿ ಒತ್ತಿದೆ.
ಪ್ರೇಮಗೀತೆಗಳು ಬಂದವು, ಲಾಟರಿ ಸೋತವರ ಗೋಳು ಬಂತು,
ಬಹಳ ಕೆಳಗೆ ಯಾರದೋ ಪ್ರಬಂಧ,
ಸೊಟ್ಟಗೆ ಸ್ಕ್ಯಾನ್ ಮಾಡಿದ್ದು, ಎರಡು ಪುಟ ತಲೆಕೆಳಗು.
ಫೋನು ತಿರುಗಿಸಿದರೆ ಅಕ್ಷರವೂ ತಿರುಗುತ್ತಿತ್ತು,
ಕೊನೆಗೆ ನಾನೇ ಅಂಗಾತ ಮಲಗಿ, ಕತ್ತು ಹೊರಳಿಸಿ ಓದಿದೆ.
ಹೆಂಗಸು, ವಯಸ್ಸು ಐವತ್ತೆರಡು, ಕ್ರಮಸಂಖ್ಯೆ ಹದಿನೇಳು:
ಪೂರ್ತಿ ಬತ್ತಿಲ್ಲ.
ದೋಣಿ ತಳ ತಾಗುತ್ತೆ, ಅಷ್ಟೆ.

ಬೆಳಿಗ್ಗೆ ಹಾಳೆ ಬಿಟ್ಟು ಹೋದೆ.
ಎಷ್ಟು ಇಳಿದಿದೆ ಚಿಕ್ಕಮ್ಮ? ಅಂದೆ.
ಅವಳು ಯೋಚಿಸಲೇ ಇಲ್ಲ.
ಮನೆ ಕಟ್ಟಿಹಾಕಿದ ಬಿದಿರ ಕಂಬದ ಮೇಲೆ ಬೆರಳಿಟ್ಟು,
ಇಲ್ಲಿ.
ಬೆರಳು ಮೇಲೆ ಹೋಯಿತು, ಪಾಚಿಯ ಹಳೇ ಗೆರೆಯವರೆಗೆ:
ಅವರಿದ್ದಾಗ, ಇಲ್ಲಿ.
ನಡುವೆ ಒಂದು ಮೊಳ.

ಜೂನಿನಲ್ಲಿ ನದಿ ಹಿಂದುಮುಂದಾಗಿ ಹರಿದು ಕೆರೆ ತುಂಬುತ್ತದೆ,
ನನ್ನ ತಿಂಗಳಲ್ಲಿ ಮತ್ತೆ ಹೊರಟುಹೋಗುತ್ತದೆ.
ಇದನ್ನೆಲ್ಲ ಅವಳಿಗೆ ನಾನು ಹೇಳಬೇಕೆ?
ಈಗ ಏಪ್ರಿಲ್. ಸುಮ್ಮನೆ ಕೂತು
ಅವಳ ಜೊತೆ ಮೀನು ತಿರುವಿಹಾಕಿದೆ.

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ, ಮೊರೊಕೊತ್ ಹೇಳಿದಂತೆ,
ಹೆಸರು, ಊರು, ತಿಂಗಳು,
ಒಂದು ಮೊಳ ಎಂದು ಬರೆದೆ.
ಆಮೇಲೆ ಹೆಸರನ್ನು ಕಾಣದ ಹಾಗೆ ಹೊಡೆದುಹಾಕಿ
ಪಕ್ಕದಲ್ಲಿ ಬರೆದೆ:
ಹದಿನೆಂಟು.